ಕೆರೆ ದಂಡೆಯ ಇಳಿಜಾರು ಸೈಟಿನಲ್ಲಿ ಮಾಡರ್ನ್ ಮನೆ: ಮಟ್ಟ ಮಾಡ್ಬೇಕಾ, ಇಳಿಜಾರಲ್ಲೇ ಕಟ್ಬೇಕಾ?

ಡ್ರಾಯಿಂಗ್_ಶೀಟ್
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು–ಬೇಲೂರು ನಡುವೆ ಒಂದು ಹಳ್ಳಿ, ಊರ ಕೆರೆಗೆ ತಾಗಿದ ಸೈಟು. ಅಗಲ 60 ಅಡಿ, ಉದ್ದ 150 ಅಡಿ. ರಸ್ತೆ ಪೂರ್ವಕ್ಕೆ, ಮೇಲುಗಡೆ. ಕೆರೆ ಪಶ್ಚಿಮಕ್ಕೆ, ಕೆಳಗಡೆ. ರಸ್ತೆಯಿಂದ ಕೆರೆ ಗಡಿವರೆಗೆ 27 ಅಡಿ ಇಳಿತ, ಹೆಚ್ಚು ಕಮ್ಮಿ ಒಂದೇ ಸಮ. ಮೇಲ್ಭಾಗ ಕೆಂಪು ಮಣ್ಣು, ಕೆಳಗೆ ಬರ್ತಾ ಬರ್ತಾ ಗೋಡು, ಅಂದ್ರೆ ಕೆರೆ ಹೂಳಿನ ಮೆತ್ತನೆ ಮಣ್ಣು.

ಮೂರು ಬೆಡ್‌ರೂಮು, ಕೆರೆ ಕಡೆ ಪೂರ್ತಿ ಗಾಜು, ಡೆಕ್ಕು, ಚಪ್ಪಟೆ ತಾರಸಿ. ಈಗಿರೋ ಡ್ರಾಯಿಂಗ್‌ನಲ್ಲಿ ಮನೆ ಕೆರೆ ಗಡಿಯಿಂದ 40 ಅಡಿ ದೂರ ಇದೆ. 70 ಅಡಿ ಉದ್ದ ಮಟ್ಟ ಮಾಡೋ ಲೆಕ್ಕ: ಮೇಲೆ 6 ಅಡಿ ಧರೆ ಕಡಿದು, ಆ ಮಣ್ಣನ್ನೇ ಕೆಳಗೆ 6 ಅಡಿ ತುಂಬಿ, ತುದಿಗೆ ಪಾಯ ಸೇರಿ 10 ಅಡಿ ಎತ್ತರದ ಸೈಜುಗಲ್ಲಿನ ತಡೆಗೋಡೆ. ಮಟ್ಟ ಮಾಡದೆ ಮನೆ ಕಟ್ಟಕ್ಕಾಗಲ್ಲ ಅಂತ ಮೇಸ್ತ್ರಿ ಹೇಳ್ತಿದ್ದಾರೆ. ಹೌದಾ? ಬೇರೆ ದಾರಿ ಇದ್ರೆ ಲೆಕ್ಕ ಸಮೇತ ಹೇಳಿ.

ಸರ್ವೆ_ಸರಪಳಿ
ಮಟ್ಟದ ಮಾತು ಆಮೇಲೆ. ಮೊದಲು ಆ 40 ಅಡಿ ಬಿಡಿ. ಕೆರೆ ಗಡಿಯಿಂದ 30 ಮೀಟರ್ ಒಳಗೆ ಮನೆ ಕಟ್ಟೋ ಹಾಗಿಲ್ಲ ಅಂತ 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಹೇಳುತ್ತೆ. 30 ಮೀಟರ್ ಅಂದ್ರೆ 98 ಅಡಿ ಚಿಲ್ಲರೆ. 150ರಲ್ಲಿ ಅದು ಹೋದ್ರೆ ಉಳಿಯೋದು 52 ಅಡಿ, ಅದೂ ರಸ್ತೆ ಕಡೆ.

ಈ ಅಳತೆ ಇವತ್ತು ನೀರು ನಿಂತಿರೋ ಅಂಚಿನಿಂದ ಅಲ್ಲ, ದಾಖಲೆಯಲ್ಲಿರೋ ಕೆರೆ ಗಡಿಯಿಂದ. ಬೇಸಿಗೇಲಿ ನೀರು ಎಷ್ಟೋ ದೂರ ಹಿಂದೆ ಸರಿದಿರುತ್ತೆ, ನೋಡಿದವರಿಗೆ ಜಾಗ ಬೇಕಾದಷ್ಟಿದೆ ಅನ್ಸುತ್ತೆ. ಗ್ರಾಮ ನಕಾಶೆ, ಟಿಪ್ಪಣಿ (ಮೂಲ ಸರ್ವೆಯ ಅಳತೆ ನಕ್ಷೆ), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ತೆಗೆಸಿ. ಆ ಸರ್ವೆ ನಂಬರಿನಲ್ಲಿ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಎಷ್ಟು ಗುಂಟೆ, ಅದು ಯಾವ ಪಕ್ಕಕ್ಕಿದೆ ಅಂತ ನೋಡಿ. ಹದ್ದುಬಸ್ತಿಗೆ, ಅಂದ್ರೆ ಸರ್ವೆಯವರಿಂದ ಗಡಿ ಅಳತೆಗೆ, ಅರ್ಜಿ ಹಾಕಿ ಕಲ್ಲು ನೆಡಿಸಿ. ದಿಶಾಂಕ್ ಆ್ಯಪು ಸರ್ವೆ ನಂಬರ್ ತಿಳಿಯಕ್ಕೆ ಒಳ್ಳೇದು, ಗಡಿ ಗೆರೆ ಎಳೆಯಕ್ಕಲ್ಲ.

ಕಾಫಿ_ಕಣಿವೆ
30 ಅಲ್ಲ ಸ್ವಾಮಿ, 75 ಮೀಟರ್. ಹಸಿರು ನ್ಯಾಯಮಂಡಳಿ ಆದೇಶ ಇದೆಯಲ್ಲ.

ಸರ್ವೆ_ಸರಪಳಿ
ಅದು 2016ರ ಆದೇಶ, ಬೆಂಗಳೂರಿನ ಕೆರೆಗಳ ವಿಚಾರದಲ್ಲಿ. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಇನ್ನು ಕೆರೆಯ ವಿಸ್ತೀರ್ಣ ನೋಡಿ 30 ಮೀಟರ್ ಮಿತಿಯನ್ನ ಬದಲಿಸೋ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಅದನ್ನ ನಂಬ್ಕೊಂಡು ಈಗಲೇ ಮನೆಯನ್ನ ಕೆಳಗೆ ತಳ್ಳಬೇಡಿ. 30 ಇಟ್ಕೊಂಡೇ ಡ್ರಾಯಿಂಗ್ ಮಾಡಿ.

ಹಳೇಬೀಡು_ದಾರಿ
ಈ ಸೈಟಿಗೆ ಅನ್ವಯಿಸಲ್ಲ, ಆದ್ರೂ ಓದೋ ಬೇರೆಯವರಿಗೆ ಬೇಕಾಗಬಹುದು. ಹಳೇಬೀಡಿನ ದ್ವಾರಸಮುದ್ರದಂಥ ಕಡೆ ಕೆರೆ ನಿಯಮ ಒಂದೇ ಸಾಲಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ. ಅದರಾಚೆ ಇನ್ನೂ 200 ಮೀಟರ್ ಅನುಮತಿ ತಗೊಂಡೇ ಕಟ್ಬೇಕು. ಬೇಲೂರು ದೇವಸ್ಥಾನದ ಸುತ್ತ ಸೈಟ್ ತಗೊಳ್ಳೋರೂ ಇದನ್ನ ಮೊದಲು ಅಳೆದುಕೊಳ್ಳಿ.

ಎಂ25
ಈಗ ಮಟ್ಟದ ಪ್ರಶ್ನೆ. 150ಕ್ಕೆ 27 ಅಂದ್ರೆ ನೂರಕ್ಕೆ 18, ಹತ್ತು ಡಿಗ್ರಿ. ಇದು ಕಷ್ಟದ ಇಳಿಜಾರೇ ಅಲ್ಲ. ಒಂದು ಹಿಡಿ ಮಣ್ಣೂ ಕಡಿಯದೆ ಮನೆ ಕೂರುತ್ತೆ, ಲೆಕ್ಕ ನೋಡಿ.

ರಸ್ತೆ ಮಟ್ಟ ಸೊನ್ನೆ ಅಂದ್ಕೊಳ್ಳಿ. ಮುಂದೆ 10 ಅಡಿ ಬಿಟ್ರೆ ಮನೆಯ ಮುಂಗೋಡೆ ಹತ್ರ ನೆಲ 1.8 ಅಡಿ ಕೆಳಗೆ. ಮನೆ ಆಳ 40 ಅಡಿ. ಅಲ್ಲಿಗೆ 50 ಅಡಿ ಆಯ್ತು, 52ರೊಳಗೆ ಕೂತ್ಕೊಳ್ತು. ಹಿಂಗೋಡೆ ಹತ್ರ ನೆಲ 9 ಅಡಿ ಕೆಳಗೆ, ನಡುವೆ 5.4 ಅಡಿ ಕೆಳಗೆ. ಈಗ ಮನೇನ ಇಳಿಜಾರಿಗೆ ಅಡ್ಡಲಾಗಿ ಎರಡು ಭಾಗ ಮಾಡಿ, ಒಂದೊಂದು 20 ಅಡಿ ಆಳ. ರಸ್ತೆ ಕಡೆ ಭಾಗದ ನೆಲ +0.5 ಅಡಿ. ಕೆರೆ ಕಡೆ ಭಾಗದ ನೆಲ −4.5 ಅಡಿ. ನಡುವೆ 5 ಅಡಿ, ಅಂದ್ರೆ 6 ಇಂಚಿನ 10 ಮೆಟ್ಟಿಲು. ಮಹಡಿಯಿಂದ ಮಹಡಿಗೆ 10 ಅಡಿ ಇಟ್ರೆ ಮೇಲಿನ ಮಟ್ಟಗಳು +5.5, +10.5. ಎಲ್ಲೇ ಹೋದ್ರೂ ಅದೇ 10 ಮೆಟ್ಟಿಲು.

+0.5ರಲ್ಲಿ ಕಾರು, ಬಾಗಿಲು, ಅಡುಗೆಮನೆ, ಊಟದ ಜಾಗ. −4.5ರಲ್ಲಿ ಹಾಲು, ಡೆಕ್ಕು. ಅದರ ಮೇಲೆ +5.5ರಲ್ಲಿ ಕೆರೆ ನೋಡೋ ಎರಡು ರೂಮು. +10.5ರಲ್ಲಿ ಇನ್ನೊಂದು ರೂಮು, ಉಳಿದದ್ದು ತೆರೆದ ತಾರಸಿ. ಅಡುಗೆಮನೆಯಲ್ಲಿ ನಿಂತವರಿಗೂ ಹಾಲಿನಲ್ಲಿ ಕೂತವರ ತಲೆ ಮೇಲಿಂದ ಕೆರೆ ಕಾಣುತ್ತೆ. ಮಟ್ಟ ಮಾಡಿದ ಮನೇಲಿ ಈ ನೋಟ ಸಿಗಲ್ಲ.

ಮಲೆನಾಡ್_ಗಾರೆ
ಲೆಕ್ಕ ಚೆನ್ನಾಗಿದೆ. ಆದ್ರೆ ಮನೇಲಿ ವಯಸ್ಸಾದವರಿದ್ರೆ? ಊಟಕ್ಕೆ 10 ಮೆಟ್ಟಿಲು, ಮಲಗೋಕೆ ಇನ್ನು 10. ಮಂಡಿ ನೋವಿನವರಿಗೆ ಇದು ದಿನಾ ಶಿಕ್ಷೆ.

ಎಂ25
ಸರಿಯಾದ ಮಾತು. ಹಾಗಿದ್ರೆ +0.5ರಲ್ಲೇ 11×12ರ ಒಂದು ರೂಮು, ಪಕ್ಕದಲ್ಲೇ ಬಚ್ಚಲು ಇಡಿ, ಊಟದ ಜಾಗಾನ −4.5ಕ್ಕೆ ಇಳಿಸಿ. ಬೀದಿ ಬಾಗಿಲಿಂದ ಆ ರೂಮಿಗೆ ಒಂದು ಮೆಟ್ಟಿಲೂ ಬರಬಾರದು.

ಕಾಫಿ_ಕಣಿವೆ
ಕಾರನ್ನ ಕೆಳಗೆ ತಗೊಂಡು ಹೋಗಿ ಡೆಕ್ ಅಡಿ ನಿಲ್ಲಿಸೋ ಡಿಸೈನ್ ತುಂಬ ಕಡೆ ನೋಡ್ತೀವಲ್ಲ?

ಎಂ25
ಬೇಡ. ಕಾರಿಗೆ ಆರಾಮಾಗಿರೋ ಇಳಿಜಾರು 1:8. ಒಂಬತ್ತು ಅಡಿ ಇಳಿಯಕ್ಕೆ 72 ಅಡಿ ರಾಂಪು ಬೇಕು, ಮೇಲೆ ಕೆಳಗೆ ತಿರುವು ಬೇರೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಕ್ರೀಟ್ ರಾಂಪ್ ಮೇಲೆ ಚಕ್ರ ಜಾರುತ್ತೆ, ಮೇಲಾಗಿ ಆ ರಾಂಪೇ ರಸ್ತೆ ನೀರನ್ನ ಮನೆ ಬುಡಕ್ಕೆ ತರೋ ಕಾಲುವೆ ಆಗುತ್ತೆ.

ನೀರ್ದಾರಿ
ಮೇಸ್ತ್ರಿ ಹೇಳಿದ 10 ಅಡಿ ತಡೆಗೋಡೆ ಬಗ್ಗೆ ಯಾರೂ ಮಾತಾಡಲಿಲ್ಲ. ಇಳಿಜಾರು ಸೈಟುಗಳಲ್ಲಿ ಮನೆಗಿಂತ ಮೊದಲು ಬೀಳೋದು ಅದೇ, ಸ್ವಲ್ಪ ಬಿಡಿಸಿ ಹೇಳ್ತೀನಿ.

10 ಅಡಿ ಅಂದ್ರೆ 3 ಮೀಟರ್. ಹಿಂದಿನ ಮಣ್ಣು ಒಣಗಿದ್ರೆ ಗೋಡೆಯ ಒಂದು ಮೀಟರ್ ಉದ್ದಕ್ಕೆ ಸುಮಾರು 2.7 ಟನ್ ತಳ್ಳುತ್ತೆ. ಅದೇ ಮಣ್ಣು ನೀರು ಕುಡಿದು, ನೀರು ಹೊರಗೆ ಹೋಗಕ್ಕೆ ದಾರಿ ಇಲ್ದೆ ನಿಂತ್ರೆ 5.7 ಟನ್. ಎರಡು ಪಟ್ಟಿಗೂ ಮೇಲೆ! ಮಣ್ಣು ಅದೇ, ಗೋಡೆ ಅದೇ, ಬದಲಾಗಿದ್ದು ನೀರೊಂದೇ. ಪುಷ್ಯ ಮಳೆ ಹಿಡಿದು ಎಂಟತ್ತು ದಿನ ಬಿಡದೆ ಸುರಿದಾಗ ಗೋಡೆ ಹೊಟ್ಟೆ ಬಿಡೋದು ಇದಕ್ಕೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡಗಳು ಜರಿದಾಗಲೂ, 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಹತ್ರ ಹೆದ್ದಾರಿ ಮೇಲೆ ಗುಡ್ಡ ಬಂದಾಗಲೂ, ಹಿಂದೆ ಇದ್ದದ್ದು ಇದೇ ನೆನೆದ ಮಣ್ಣು.

ಗೋಡೆ ಕಟ್ಟಲೇಬೇಕು ಅಂದ್ರೆ:
ಸೈಜುಗಲ್ಲಿನ ಗೋಡೆಗೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು. 10 ಅಡಿಗೆ 5ರಿಂದ 6 ಅಡಿ. ಎರಡಡಿ ಬುಡ ಇಟ್ಟು ಮೇಲೆ ಒಂದೂವರೆ ಅಡಿಗೆ ತರೋದು ಕಾಂಪೌಂಡು, ತಡೆಗೋಡೆ ಅಲ್ಲ. ಹಿಂದುಗಡೆ ಒಂದರಿಂದ ಒಂದೂವರೆ ಅಡಿ ದಪ್ಪ ಬರೀ ಕಲ್ಲು ಮತ್ತು 40 ಮಿ.ಮೀ. ಜಲ್ಲಿ, ಅದಕ್ಕೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯೋ ಜಿಯೋ ಬಟ್ಟೆ. ಬಟ್ಟೆ ಬಿಟ್ರೆ ಎರಡು ಮಳೆಗಾಲಕ್ಕೆ ಗೋಡು ಬಂದು ಜಲ್ಲಿ ಸಂದೆಲ್ಲ ತುಂಬ್ಕೊಳುತ್ತೆ. ತಳದಲ್ಲಿ 4 ಇಂಚಿನ ತೂತಿರೋ ಪೈಪು, ಒಂದು ಪಕ್ಕಕ್ಕೆ ವಾಟ. ಗೋಡೇಲಿ 3–4 ಇಂಚಿನ ಪಿವಿಸಿ ನೀರ್ಗಂಡಿಗಳು, ಐದಡಿಗೊಂದರಂತೆ, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಅಡ್ಡಾದಿಡ್ಡಿ, ಹೊರಮುಖವಾಗಿ ವಾಟ.

ಆ ಗಂಡಿ ಏನು ಹೇಳುತ್ತೆ ಅಂತ ಮಳೇಲಿ ಹೋಗಿ ನೋಡಿ. ತಿಳಿ ನೀರು ಸಣ್ಣಗೆ ಸುರೀತಿದ್ರೆ ಗೋಡೆ ಕ್ಷೇಮ. ಕೆಂಪು ರಾಡಿ ಬರ್ತಿದ್ರೆ ಹಿಂದಿನ ಮಣ್ಣು ಕೊಚ್ಚಿಕೊಂಡು ಹೋಗ್ತಿದೆ, ಒಳಗೆ ಪೊಳ್ಳಾಗ್ತಿದೆ. ಜೋರು ಮಳೇಲೂ ಗಂಡಿ ಒಣಗಿದ್ದು, ಗೋಡೆ ಕಲ್ಲಿನ ಸಂದಿಯಿಂದ ಮಾತ್ರ ತೇವ ಒಸರ್ತಿದ್ರೆ ಗಂಡಿ ಕಟ್ಟಿಕೊಂಡಿದೆ, ನೀರು ಹಿಂದೆ ಏರ್ತಿದೆ. ಮೂರರಲ್ಲಿ ಇದೇ ಅಪಾಯದ್ದು. ಕಬ್ಬಿಣದ ಸಲಾಕೆ ಹಾಕಿ ಅವತ್ತೇ ಬಿಡಿಸಬೇಕು.

ಮಲೆನಾಡ್_ಗಾರೆ
ನೀರ್ದಾರಿ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆರ್‌ಸಿಸಿ ತಡೆಗೋಡೆ ಆದ್ರೆ ಕಾಂಕ್ರೀಟ್ ಹಾಕಿದ ವಾರಕ್ಕೇ ಜೆಸಿಬಿ ಕರೆದು ಹಿಂದೆ ಮಣ್ಣು ತಳ್ಳಿಸ್ತಾರೆ. 28 ದಿನ ಕಾಯಬೇಕು. ಆಮೇಲೂ 8–9 ಇಂಚಿನ ಪದರ ಪದರವಾಗಿ ತುಂಬಿ ದಮ್ಮಸ್ ಮಾಡಬೇಕು, ಒಂದೇ ಸಲ ಸುರಿಯೋದಲ್ಲ. ಜೆಸಿಬಿ ಗೋಡೆ ಅಂಚಿಗೆ ಬರಲೇಬಾರದು, ಅದರ ತೂಕವೂ ಗೋಡೆ ಮೇಲೇ ಬೀಳುತ್ತೆ.

ಹೆಂಚಿನ_ಸೂರು
ಗೇಬಿಯನ್ ಯಾಕೆ ಬೇಡ? ತಂತಿ ಪೆಟ್ಟಿಗೆಗೆ ಕಾಡುಗಲ್ಲು ತುಂಬಿದ್ರೆ ನೀರು ತಾನಾಗೇ ಹರಿದುಹೋಗುತ್ತೆ, ನೀರ್ಗಂಡಿ ಚಿಂತೆ ಇಲ್ಲ, ನೋಡಕ್ಕೂ ಈ ಕಾಲದ ಮನೆಗೆ ಒಪ್ಪುತ್ತೆ.

ನೀರ್ದಾರಿ
ತೋಟದ ಮೆಟ್ಟಿಲುಗಳಿಗೆ ಬಹಳ ಒಳ್ಳೇದು. ಮೂರಡಿ, ಆರಡಿವರೆಗೆ ಕಣ್ಣು ಮುಚ್ಕೊಂಡು ಹಾಕಿ, ಆದ್ರೆ ನಾಲ್ಕು ವಿಷಯ ಗಮನಿಸಿ. ಕಲ್ಲು 6ರಿಂದ 10 ಇಂಚಿನದ್ದೇ ಇರಬೇಕು, ಜಾಲರಿ ಕಣ್ಣಿಗಿಂತ ಸಣ್ಣದು ಹಾಕಿದ್ರೆ ಉದುರುತ್ತೆ. ಕೈಯಲ್ಲಿ ಜೋಡಿಸಬೇಕು, ಬಕೆಟ್‌ನಲ್ಲಿ ಸುರಿದ್ರೆ ಹೊಟ್ಟೆ ಬರುತ್ತೆ. ಹಿಂದೆ ಜಿಯೋ ಬಟ್ಟೆ ಇಲ್ಲಿಗೂ ಬೇಕು. ಗೋಡೆ ಸ್ವಲ್ಪ ಗುಡ್ಡದ ಕಡೆ ವಾಲಿರಲಿ, ಆರು ಡಿಗ್ರಿ ಸಾಕು. ಮನೆಯ ಭಾರ ಹೊರೋ ಕಡೆ ಮಾತ್ರ ಗೇಬಿಯನ್ ಬೇಡ, ಅದು ಕೂತು ಕೂತು ಹೊಂದಿಕೊಳ್ಳೋ ಗೋಡೆ.

ಡ್ರಾಯಿಂಗ್_ಶೀಟ್
ಎಂ25 ಅವರ ಲೆಕ್ಕ ಬರೆದು ನೋಡಿದೆ, ಕೂತ್ಕೊಳ್ತು! ಆದ್ರೆ ರಸ್ತೆ ಕಡೆ ಭಾಗದ ಅಡಿ 2.3 ಅಡಿಯಿಂದ 5.9 ಅಡಿ ಪೊಳ್ಳು ಬರುತ್ತೆ. ಮಣ್ಣು ತುಂಬೋದಾ?

ಎಂ25
ತುಂಬಬೇಡಿ. ತುಂಬಿದ್ರೆ ಮತ್ತೆ ಆರಡಿ ತಡೆಗೋಡೆ ಮನೆ ಮಧ್ಯಾನೇ ಬರುತ್ತೆ, ಅದೂ ಹಾಲಿನ ಗೋಡೆ ಆಗಿ. ಆ ಗೋಡೆ ವರ್ಷಪೂರ್ತಿ ಬೆವರುತ್ತೆ. ಎಷ್ಟೇ ದಮ್ಮಸ್ ಮಾಡಿದ್ರೂ ತುಂಬಿದ ಮಣ್ಣು ಕೂರುತ್ತೆ, ಟೈಲ್ಸ್ ಕೆಳಗೆ ಟೊಳ್ಳು ಸದ್ದು ಬರುತ್ತೆ, ಗೋಡೆ ಬುಡದಲ್ಲಿ ನೆಲ ಬಾಯಿ ಬಿಡುತ್ತೆ. ಮನೆ ನೆಲದ ಮಟ್ಟದಲ್ಲಿ ಪ್ಲಿಂತ್ ಬೀಮು, ಅದರ ಮೇಲೆ ಮಣ್ಣಿಗೆ ತಾಗದ ಸ್ಲ್ಯಾಬು, ಅಡಿಯಲ್ಲಿ ಖಾಲಿ. ಎರಡೂ ಪಕ್ಕ ಜಾಲರಿ ಬಿಡಿ, ಗಾಳಿ ಆಡಲಿ. ಪೈಪ್ ರಿಪೇರಿಗೂ ಅಲ್ಲೇ ನುಗ್ಗಬಹುದು.

ಒಂದು ಎಚ್ಚರಿಕೆ: ಇಳಿಜಾರಲ್ಲಿ ಒಂದು ಕಂಬ ಎರಡಡಿ, ಇನ್ನೊಂದು ಆರಡಿ ಹೊರಗಿರುತ್ತೆ. ಕಟ್ಟಡ ಅಡ್ಡ ಅಲುಗಿದಾಗ ಗಿಡ್ಡ ಕಂಬವೇ ಜಾಸ್ತಿ ಭಾರ ಎಳ್ಕೊಂಡು ಮೊದಲು ಒಡೆಯೋದು. ಅದಕ್ಕೇ ಎಲ್ಲಾ ಕಂಬಗಳನ್ನ ಎರಡೂ ದಿಕ್ಕಲ್ಲಿ ಬೀಮಿನಿಂದ ಕಟ್ಟಬೇಕು, ಗಿಡ್ಡ ಕಂಬಗಳಲ್ಲಿ ರಿಂಗು ಒತ್ತೊತ್ತಾಗಿ, 4 ಇಂಚಿಗೊಂದು, ಪೂರ್ತಿ ಉದ್ದಕ್ಕೂ.

ಪಾಯದ_ಗೆರೆ
ಪಾಯದ ಬಗ್ಗೆ. ಪ್ರತಿ ಕಂಬದ ಪಾಯವೂ ಅದರದ್ದೇ ಜಾಗದ ಹಳೇ ನೆಲದಿಂದ 5 ಅಡಿ ಕೆಳಗೆ, ಗಟ್ಟಿ ಮಣ್ಣಲ್ಲಿ ಕೂರಲಿ. ಮೇಲಿನ ಪಾಯದ ಅಂಚಿಂದ ಕೆಳಗಿನ ಪಾಯದ ಅಂಚಿಗೆ ಎಳೆದ ಗೆರೆ ಎರಡಕ್ಕೆ ಒಂದರ ಇಳಿಜಾರಿಗಿಂತ ಕಡಿದಾಗಬಾರದು. ಅಂದ್ರೆ ಎರಡಡಿ ಮುಂದೆ ಹೋದ್ರೆ ಒಂದಡಿಗಿಂತ ಹೆಚ್ಚು ಇಳಿಯೋ ಹಾಗಿಲ್ಲ. ನಿಮ್ಮ ಸೈಟಲ್ಲಿ 13 ಅಡಿಗೊಂದು ಕಂಬ ಇಟ್ರೆ ಇಳಿತ 2.3 ಅಡಿ, ಮಿತಿ 6.5 ಅಡಿ. ಧಾರಾಳವಾಗಿ ಒಳಗಿದೆ. ತೊಂದರೆ ಬರೋದು ಪಕ್ಕದ ಸೈಟಿನವರು ನಾಳೆ ಧರೆ ಕಡಿದಾಗ. ಪಾಯದ ಅಂಚಿಂದ ಇಳಿಜಾರಿನ ಮೈಗೆ ಮಣ್ಣಾದ್ರೆ ಕನಿಷ್ಠ 90 ಸೆಂ.ಮೀ., ಬಂಡೆಯಾದ್ರೆ 60 ಸೆಂ.ಮೀ. ಇರಬೇಕು. ಅದಕ್ಕೇ ಪಕ್ಕದ ಗಡಿಗೆ ತೀರಾ ಒತ್ತಿ ಕಂಬ ಇಡಬೇಡಿ.

ಗುಂಡಿ ತೆಗೆದು ಮಣ್ಣು ನೋಡದೆ ಈ ಯಾವ ಲೆಕ್ಕಾನೂ ನಿಲ್ಲಲ್ಲ. ಮೂರು ಕಡೆ, ರಸ್ತೆ ಹತ್ರ, ನಡುವೆ, ಹಿಂಗೋಡೆ ಬರೋ ಜಾಗದಲ್ಲಿ, 8–10 ಅಡಿ ಆಳ. ಇದನ್ನ ಏಪ್ರಿಲ್‌ನಲ್ಲಿ ಮಾಡ್ಬೇಡಿ. ಸೆಪ್ಟೆಂಬರ್ ಕೊನೆಗೆ, ಕೆರೆ ತುಂಬಿರೋವಾಗ ಮಾಡಿ. ಗುಂಡಿ ತೋಡಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಎಷ್ಟು ಅಡೀಲಿ ನೀರು ನಿಂತಿದೆ ಅಂತ ಕೋಲು ಇಳಿಸಿ ಅಳೆಯಿರಿ. ಆ ಮಟ್ಟ ಡ್ರಾಯಿಂಗ್ ಮೇಲೆ ಬರಲೇಬೇಕು.

ಕಡೂರು_ಎರೆ
ನಮ್ಮ ಕಡೂರು, ಅರಸೀಕೆರೆ ಕಡೆ ಎರೆ ಮಣ್ಣು ಸಿಕ್ಕರೆ ಈ 5 ಅಡಿ ಪಾಯ ನಡೆಯಲ್ಲ. ಬೇಸಿಗೇಲಿ ಬಿರುಕು ಬಿಟ್ಟು, ಮಳೇಲಿ ಉಬ್ಬಿ ಮನೇನೇ ಎತ್ತುತ್ತೆ. ಅಲ್ಲಿಗೆ ಬುಡದಲ್ಲಿ ಗಡ್ಡೆ ಇರೋ ಪೈಲು (ನೆಲದಾಳಕ್ಕೆ ಇಳಿಸೋ ಕಾಂಕ್ರೀಟ್ ಕಂಬ), ಗಡ್ಡೆ ವ್ಯಾಸ ಕಂಬದ ಎರಡೂವರೆ ಪಟ್ಟು, ಬೀಮಿನ ಅಡಿ 3 ಇಂಚು ಖಾಲಿ ಬಿಡಬೇಕು. ಈ ಸೈಟು ಕೆಂಪು ಮಣ್ಣು ಅಂದ್ರಲ್ಲ, ಪುಣ್ಯ.

ವಾಸ್ತು_ಬಲ್ಲವರು
ಯಾರೂ ಹೇಳ್ತಿಲ್ಲ ಅಂತ ಹೇಳ್ತಿದೀನಿ. ಪಶ್ಚಿಮಕ್ಕೆ ಇಳಿಜಾರು, ಪಶ್ಚಿಮಕ್ಕೆ ನೀರು, ಎರಡೂ ಶಾಸ್ತ್ರಕ್ಕೆ ಒಪ್ಪಲ್ಲ. ಪಶ್ಚಿಮದ ತಗ್ಗು ತುಂಬಿಸಿ ಎತ್ತರ ಮಾಡಿದ್ರೆ ದೋಷ ಪರಿಹಾರ ಆಗುತ್ತೆ.

ನೀರ್ದಾರಿ
ನಿಮ್ಮ ನಂಬಿಕೆಗೆ ಗೌರವ ಇದೆ. ಆದ್ರೆ ಅಲ್ಲಿ ಮಣ್ಣು ತುಂಬೋದು ಮಾತ್ರ ದಯವಿಟ್ಟು ಸಲಹೆ ಕೊಡಬೇಡಿ. ಆ ಜಾಗ ಕೆರೆಯ 30 ಮೀಟರ್ ಒಳಗಿದೆ, ಮಣ್ಣು ಗೋಡು. ಮಳೆಗಾಲ ಪೂರ್ತಿ ಕೆರೆ ನೀರಿಗೆ ನೆನೆದಿರುತ್ತೆ. ತೂಬು ಎತ್ತಿದಾಗ ಕೆರೆ ಮಟ್ಟ ಬೇಗ ಇಳಿಯುತ್ತೆ, ದಂಡೆಯೊಳಗಿನ ನೀರು ಅಷ್ಟು ಬೇಗ ಇಳಿಯಲ್ಲ. ಹೊರಗಿಂದ ಒತ್ತಿ ಹಿಡಿದಿದ್ದ ನೀರು ಹೋಯ್ತು, ಒಳಗಿನ ಭಾರ ಹಾಗೇ ಇದೆ. ದಂಡೆ ಜಾರೋದು ಆಗಲೇ. ಗೊರೂರು, ಯಗಚಿ ಹಿನ್ನೀರಿನ ಅಂಚಿನಲ್ಲಿ ಇದು ಇನ್ನೂ ಜೋರು, ಅಲ್ಲಿ ಮಟ್ಟದ ಏರಿಳಿತ ಊರ ಕೆರೆಗಿಂತ ಎಷ್ಟೋ ಹೆಚ್ಚು.

ಹೆಂಚಿನ_ಸೂರು
ವಾಸ್ತು ದೃಷ್ಟೀಲೂ ಈ ಪ್ಲಾನ್ ಅಷ್ಟೇನೂ ಕೆಟ್ಟದಲ್ಲ ಅಲ್ವಾ? ಬಾಗಿಲು ಪೂರ್ವಕ್ಕೆ ಬಂತು. ಅಡುಗೆಮನೆ ಆಗ್ನೇಯದಲ್ಲಿ ಕೂರುತ್ತೆ. ಸಂಪು ಈಶಾನ್ಯಕ್ಕೆ, ಅಂದ್ರೆ ರಸ್ತೆ ಕಡೆಗೆ.

ವಾಸ್ತು_ಬಲ್ಲವರು
ಅದು ಒಪ್ಪುವಂಥದ್ದು. ಹಾಗೇ ಮಾಡಿ.

ಪಾಯದ_ಗೆರೆ
ಸಂಪು ಮೇಲೆ ಇಡೋದಕ್ಕೆ ಇನ್ನೊಂದು ಗಟ್ಟಿ ಕಾರಣ ಇದೆ. ಕೆರೆ ಕಡೆ ಇಟ್ರೆ ಅದು ತೇಲುತ್ತೆ! ನಂಬಿಕೆ ಬರದಿದ್ರೆ ಲೆಕ್ಕ ಹಾಕಿ. ಒಳಗೆ 10×6×6 ಅಡಿ, 10 ಸಾವಿರ ಲೀಟರಿನ ಸಂಪು. ಆರು ಇಂಚಿನ ಗೋಡೆ, ಆರು ಇಂಚಿನ ತಳ, ನಾಲ್ಕಿಂಚಿನ ಮುಚ್ಚಳ ಸೇರಿ ಕಾಂಕ್ರೀಟ್ ತೂಕ 11.7 ಟನ್ ಹತ್ರ. ಸುತ್ತ ನೆಲದ ನೀರು ಮೇಲ್ಮಟ್ಟಕ್ಕೆ ಬಂದ್ರೆ ಎತ್ತೋ ಬಲ 14 ಟನ್ ದಾಟುತ್ತೆ. ಮಳೆಗಾಲದಲ್ಲಿ ಯಾರಾದ್ರೂ ಕ್ಲೀನ್ ಮಾಡಕ್ಕೆ ಅಂತ ಖಾಲಿ ಮಾಡಿದ್ರೆ ಸಂಪು ದೋಣಿ ಥರ ಮೇಲೆದ್ದು ಪೈಪೆಲ್ಲ ಕಿತ್ಕೊಂಡು ಬರುತ್ತೆ.

ಕೆಳಗೇ ಇಡಬೇಕಾದ ಪರಿಸ್ಥಿತಿ ಬಂದ್ರೆ ತಳದ ಸ್ಲ್ಯಾಬನ್ನ ಸುತ್ತ ಒಂದಡಿ ಹೊರಗೆ ಚಾಚಿ. ಆ ಚಾಚಿನ ಮೇಲೆ ಕೂರೋ ಮಣ್ಣೇ ನೀರಲ್ಲಿ ನೆನೆದಿದ್ರೂ ಇನ್ನು ಐದು ಟನ್ ಒತ್ತಿ ಹಿಡಿಯುತ್ತೆ. ಮೇಲೆ ಇಟ್ರೂ ಒಂದು ಷರತ್ತು: ತುಂಬಿ ಚೆಲ್ಲೋ ನೀರು, ಸೋರಿಕೆ ಎರಡೂ ಪಾಯದ ಕಡೆಗೇ ಹೋಗೋದು. ಓವರ್‌ಫ್ಲೋ ಪೈಪನ್ನ ಮುಚ್ಚಿದ ಲೈನಲ್ಲಿ ಪಕ್ಕದಿಂದ ಕೆಳಗೆ ಒಯ್ಯಿರಿ. ನೀರು ತುಂಬಿಸಿ ಒಂದು ವಾರ ಮಟ್ಟ ಗುರುತು ಮಾಡಿ ನೋಡದೆ ಸುತ್ತ ಮಣ್ಣು ಮುಚ್ಚಬೇಡಿ.

ಕಾಫಿ_ಕಣಿವೆ
ಮಳೆ ನೀರು ಇಂಗಿಸೋ ಗುಂಡಿಯನ್ನೂ ಮೇಲೇ ಮಾಡ್ಬಹುದಲ್ಲ? ಇಂಗಿದ ನೀರು ಹೇಗೂ ಕೆರೆಗೇ ಹೋಗುತ್ತೆ.

ನೀರ್ದಾರಿ
ಅಯ್ಯೋ, ಬೇಡಿ. ಬಯಲಲ್ಲಿ ಅದು ಪುಣ್ಯದ ಕೆಲಸ, ಇಳಿಜಾರಲ್ಲಿ ಮನೆಯ ಮೇಲ್ಗಡೆ ಇಂಗುಗುಂಡಿ ತೋಡೋದು ಅಂದ್ರೆ ಪಾಯದಡಿಗೆ ನಾವೇ ನೀರು ಕುಡಿಸೋದು. ಮಲೆನಾಡಲ್ಲಿ ಆಗಲೇ ಆಷಾಢ ಶ್ರಾವಣಕ್ಕೆ ನೆಲದಲ್ಲಿ ಜಲ ಏಳುತ್ತೆ, ಅದಕ್ಕೆ ಇನ್ನೂ ಸೇರಿಸೋದು ಬೇಡ.

1400 ಚದರಡಿ ಸೂರಿನ ಮೇಲೆ ಗಂಟೆಗೆ 60 ಮಿ.ಮೀ. ಸುರಿದ್ರೆ ಸೆಕೆಂಡಿಗೆ ಎರಡು ಲೀಟರ್ ದಾಟುತ್ತೆ. 4 ಇಂಚಿನ ಮೂರು ಪೈಪು ಸಾಕು, ಒಂದಕ್ಕೆ ಎಲೆ ಕಟ್ಟಿದ್ರೂ ಉಳಿದೆರಡು ಎಳೆಯುತ್ತೆ. ಮೊದಲು ಸಂಪಿಗೆ, ತುಂಬಿದ ಮೇಲೆ ಮುಚ್ಚಿದ ಪೈಪಲ್ಲಿ ಸೈಟಿನ ಕೆಳಭಾಗಕ್ಕೆ. ಪೈಪ್ ಬಾಯಲ್ಲಿ ಕಾಡುಗಲ್ಲು ಹಾಸಿ, ಇಲ್ಲಾಂದ್ರೆ ಬಿದ್ದ ಜಾಗದಲ್ಲಿ ಕೊರಕಲು ಶುರುವಾಗಿ ಅದು ಮೇಲಕ್ಕೇ ಏರ್ತಾ ಬರುತ್ತೆ. ರಸ್ತೆ ನೀರಿಗೆ ಬೇರೆ ಚರಂಡಿ, ಮನೆ ಮುಂದೆ ಅಡ್ಡಲಾಗಿ, ಒಂದಡಿ ಅಗಲ ಒಂದಡಿ ಆಳ, ಮೇಲೆ ಕಾರು ದಾಟಕ್ಕೆ ಜಾಲರಿ. ಅದು ಎರಡೂ ಪಕ್ಕದಿಂದ ಇಳಿಯಲಿ.

ಸರ್ವೆ_ಸರಪಳಿ
ಟಾಯ್ಲೆಟ್ ಪಿಟ್ಟು ಎಲ್ಲಿ? ಅದನ್ನೂ ಈಗಲೇ ಕೇಳಿಬಿಡಿ, ಎಲ್ಲರೂ ಕೊನೆಗೆ ಉಳಿದ ಜಾಗದಲ್ಲಿ ತುರುಕ್ತಾರೆ.

ಪಾಯದ_ಗೆರೆ
ನಿಜ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗೋ ಜಾಗ ಕುಡಿಯೋ ನೀರಿನ ಮೂಲದಿಂದ 18 ಮೀಟರ್, ಮನೆಯಿಂದ 6 ಮೀಟರ್ ದೂರ ಇರಬೇಕು. ನೆಲದ ನೀರು 6 ಅಡಿಯೊಳಗೇ ಸಿಕ್ಕರೆ ಇಂಗುಗುಂಡಿ ಕೆಲಸವೇ ಮಾಡಲ್ಲ, ಮಳೆಗಾಲದಲ್ಲಿ ಟಾಯ್ಲೆಟ್ಟಿಗೇ ವಾಪಸ್ ಬರುತ್ತೆ. ಮನೆ ಕೆಳಗಿನ ಜಾಗ ಕೆರೆಯ ಮಿತಿಯೊಳಗೆ. ಅಲ್ಲಿ ಇಂಗಿಸೋದು ಬೇಡ, ಕೆರೆಗೇ ಹೋಗುತ್ತೆ. ಹಿರೇಕೊಳಲೆ ಕೆರೆ ನೀರು ಚಿಕ್ಕಮಗಳೂರಿನವರು ಕುಡೀತಾರೆ. ಊರ ಕೆರೆ ಅಂದ್ರೂ ದನಕರು, ಬಟ್ಟೆ, ಪಕ್ಕದ ಬಾವಿ ಎಲ್ಲ ಅದರ ಮೇಲೇ.

ಮನೆ ಅಗಲ 34 ಅಡಿಗೆ ಇಳಿಸಿ ಒಂದು ಪಕ್ಕಕ್ಕೆ ಸರಿಸಿದ್ರೆ ಇನ್ನೊಂದು ಪಕ್ಕ 20 ಅಡಿ ಸಿಗುತ್ತೆ. ಅಲ್ಲಿ ಟ್ಯಾಂಕು, ಅದರ ಹಿಂದೆ ತಳಕ್ಕೆ ದಪ್ಪ ಶೀಟ್ ಹಾಕಿದ ಜಲ್ಲಿ ಹಾಸಿಗೆ. ಐದು ಜನಕ್ಕೆ 10 ಚದರ ಮೀಟರ್, ಎರಡಡಿ ಆಳ, ಕಾಬಾಳೆ ನೆಡಿ. ಹೊರಗೆ ಬರೋ ನೀರನ್ನ ಸಣ್ಣ ಪಂಪಲ್ಲಿ ಎತ್ತಿ ಗಿಡಕ್ಕೆ ಬಿಡಿ. ತಳ ಮುಚ್ಚಿರೋದ್ರಿಂದ ನೆಲಕ್ಕೆ ಇಳಿಯಲ್ಲ.

ಮಲೆನಾಡ್_ಗಾರೆ
ಗೆದ್ದಲಿಗೆ ಪಾಯಕ್ಕೆ ಕ್ಲೋರೊಪೈರಿಫಾಸ್ ಹೊಯ್ಯೋ ಪದ್ಧತಿ ಇದೆಯಲ್ಲ, ಕೆರೆ ದಂಡೇಲಿ ಹುಷಾರು. ಅದು ಮೀನಿಗೆ ತೀರಾ ವಿಷ. ಹೊಯ್ದ ಮಾರನೇ ದಿನ ಮಳೆ ಬಂದ್ರೆ ನೇರ ಕೆರೆಗೇ. ಪೊಳ್ಳು ನೆಲ ಇರೋ ಈ ಮನೆಗೆ ಪ್ಲಿಂತ್ ಬೀಮಿನ ಕೆಳಗೆ ತಗಡಿನ ಟೋಪಿ ಹಾಕಿ, ಮಣ್ಣಿನ ಕೊಳವೆ ಎದ್ದಿದೆಯಾ ಅಂತ ಆರು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಿದ್ರೆ ಸಾಕು.

ಹೆಂಚಿನ_ಸೂರು
ಈಗ ಗಾಜು. ಪಶ್ಚಿಮಕ್ಕೆ ಪೂರ್ತಿ ಗಾಜು ಅಂತ ಬರೆದಿದ್ದೀರಿ. ಮಾರ್ಚ್, ಏಪ್ರಿಲ್‌ನಲ್ಲಿ ಮೂರು ಗಂಟೆ ಮೇಲೆ ಬಿಸಿಲು ಓರೆಯಾಗಿ ಒಳಗೆ ಬರುತ್ತೆ, ಕೆರೆ ನೀರಿನ ಪ್ರತಿಫಲನ ಸೇರಿ ಕಣ್ಣು ಬಿಡಕ್ಕಾಗಲ್ಲ. ಅಷ್ಟು ತಗ್ಗಿನ ಬಿಸಿಲಿಗೆ ಎರಡಡಿ ಸಜ್ಜಾ ಏನೂ ಮಾಡಲ್ಲ. ಮಳೆಗಾಲದಲ್ಲಿ ಗಾಳಿ ಮಳೆ ಎರಡೂ ನೈಋತ್ಯದಿಂದ, ಅದೇ ಗಾಜಿಗೆ ಹೊಡೆಯೋದು. ಡೆಕ್ಕನ್ನ ಎಂಟಡಿ ಆಳದ ಜಗಲಿ ಮಾಡಿ, ಮೇಲೆ ಸೂರು ಕೊಡಿ, ಹೊರ ಅಂಚಿಗೆ ಮೇಲಿಂದ ಇಳಿಬಿಡೋ ಬಿದಿರಿನ ತಟ್ಟಿ.

ಚಪ್ಪಟೆ ತಾರಸಿಯ ಆಸೆ ಮೇಲ್ಮಟ್ಟದ ಸಣ್ಣ ಭಾಗಕ್ಕೆ ಸೀಮಿತ ಆಗಲಿ. ಉಳಿದದ್ದಕ್ಕೆ 30 ಡಿಗ್ರಿ ಹೆಂಚು, ಸೂರು ಮೂರಡಿ ಹೊರಗೆ. ಇಳಿಜಾರು ಆರ್‌ಸಿಸಿ ಮೇಲೆ ಗಾರೆ ಹಾಕಿ ಹೆಂಚು ಅಂಟಿಸಬೇಡಿ. ಹೆಂಚಿನಡಿ ಇಳಿದ ನೀರು ಗಾರೆಯಲ್ಲೇ ನಿಂತು ಸ್ಲ್ಯಾಬಿಗೆ ಹೋಗುತ್ತೆ. ರೀಪು ಹೊಡೆದು, ಒಂದೂವರೆ ಇಂಚು ಸಂದು ಬಿಟ್ಟು ಹೊದಿಸಿ.

ಎಂ25
ಮಾಡರ್ನ್ ಮನೆಗೆ ಹೆಂಚು ಕಡ್ಡಾಯ ಅಂತೇನಿಲ್ಲ. ಮೂಡಿಗೆರೆಯಲ್ಲಿ ವರ್ಷಕ್ಕೆ 2000 ಮಿ.ಮೀ. ದಾಟೋ ಮಳೆಗೆ ಹೆಂಚೇ ಸರಿ, ಒಪ್ತೀನಿ. ಚಿಕ್ಕಮಗಳೂರಿನ ಪೂರ್ವಕ್ಕೆ ಅದರ ಅರ್ಧವೂ ಬರಲ್ಲ. ಚಪ್ಪಟೆ ಸ್ಲ್ಯಾಬು ಸೋರೋದು ಚಪ್ಪಟೆ ಅನ್ನೋ ಕಾರಣಕ್ಕಲ್ಲ, ವಾಟ ಇಲ್ದೆ. 1:80 ವಾಟ ಕೊಡಿ, ಮೂಲೆಗಳಲ್ಲಿ ಗಾರೆ ದುಂಡು ಮಾಡಿ ನೀರು ತಡೆಯೋ ಪದರವನ್ನ ಗೋಡೆ ಮೇಲೆ ಆರು ಇಂಚು ಹತ್ತಿಸಿ, ಸೋರಲ್ಲ.

ಹೆಂಚಿನ_ಸೂರು
ಸ್ಲ್ಯಾಬಿನ ಅಂಚು? ಹತ್ತು ಮನೇಲಿ ಎಂಟರಲ್ಲಿ ಅದನ್ನೇ ಮರೀತಾರೆ. ಮಳೆ ನೀರು ಅಂಚಿಂದ ಕೆಳಗೆ ಬೀಳೋ ಬದಲು ಸ್ಲ್ಯಾಬಿನ ಅಡಿಗೆ ತಿರುಗಿ, ಅಂಟ್ಕೊಂಡೇ ಒಳಗೆ ನಡ್ಕೊಂಡು ಬಂದು ಗಾಜಿನ ಚೌಕಟ್ಟಿನ ತಲೆ ಮೇಲೆ ಇಳಿಯುತ್ತೆ. ಸೆಂಟ್ರಿಂಗ್ ಹಾಕುವಾಗಲೇ ಅಂಚಿಂದ ಎರಡಿಂಚು ಒಳಗೆ ಅರ್ಧ ಇಂಚಿನ ರೀಪು ಹೊಡೆದಿಟ್ರೆ, ಬಿಚ್ಚಿದಾಗ ಅಲ್ಲೊಂದು ಸಣ್ಣ ತೋಡು ಉಳಿಯುತ್ತೆ. ಹನಿ ಆ ತೋಡು ದಾಟಲ್ಲ, ಅಲ್ಲೇ ಉದುರುತ್ತೆ. ಆಮೇಲೆ ಗ್ರೈಂಡರ್‌ನಲ್ಲಿ ಕೊರೆಯೋಕೆ ಹೋದ್ರೆ ಕಂಬಿಗೆ ತಾಗುತ್ತೆ.

ಎಂ25
ಇದಕ್ಕೆ ಎರಡು ಮಾತಿಲ್ಲ. ಡೆಕ್ಕಿಗೂ ಅದೇ. ಡೆಕ್ಕಿನ ನೆಲ ಹಾಲಿಗಿಂತ ಎರಡಿಂಚು ಕೆಳಗಿರಲಿ. ರೇಲಿಂಗ್ ಗಾಜು ಬರೀ ಟಫನ್ (ಕಾಯಿಸಿ ಗಟ್ಟಿ ಮಾಡಿದ್ದು) ಬೇಡ, ಒಡೆದ್ರೆ ಇಡೀ ಹಾಳೆ ಪುಡಿಯಾಗಿ ಉದುರಿ ಒರಗಿದವರು ಕೆಳಗೆ ಬೀಳ್ತಾರೆ. ಟಫನ್ ಮಾಡಿದ ಎರಡು ಹಾಳೆ ನಡುವೆ ಪದರ ಇರೋ ಲ್ಯಾಮಿನೇಟೆಡ್ ಗಾಜೇ ಹಾಕಿ. ಅಳತೆ, ತೂತು ಎಲ್ಲಾ ಮೊದಲೇ ಕೊಡಿ, ಟಫನ್ ಆದ್ಮೇಲೆ ಒಂದು ನೂಲೂ ಕತ್ತರಿಸಕ್ಕಾಗಲ್ಲ.

ಕಾಫಿ_ಕಣಿವೆ
ಸೊಳ್ಳೆ ಪರದೆ ಮರೀಬೇಡಿ. ಕೆರೆ ದಂಡೇಲಿ ಸಂಜೆ ಆರಕ್ಕೆ ದೀಪ ಹಾಕಿದ್ರೆ ಗಾಜಿನ ತುಂಬ ಹುಳ. ಇನ್ನು ಕೆಳಗಿನ 98 ಅಡಿಗೆ ಲಾವಂಚ ಹಾಕಿ. ಇಳಿಜಾರಿಗೆ ಅಡ್ಡ ಸಾಲು, ಗಿಡದಿಂದ ಗಿಡಕ್ಕೆ 4–6 ಇಂಚು, ಪ್ರತಿ 4–5 ಅಡಿ ಇಳಿತಕ್ಕೆ ಒಂದು ಸಾಲು. ಜೂನ್ ಮೊದಲ ಮಳೆಗೇ ನೆಡಿ. ಬೇರು ನೇರ ಕೆಳಗೆ 10 ಅಡಿವರೆಗೂ ಇಳಿದು ಮಣ್ಣು ಹಿಡಿಯುತ್ತೆ. ಇರೋ ಸಿಲ್ವರ್ ಓಕ್ ಬುಡಗಳನ್ನೂ ನೋಡಿ. ಎಲ್ಲಾ ಮರಗಳೂ ಬುಡದಲ್ಲಿ ಕೆರೆ ಕಡೆ ಬಾಗಿ ಆಮೇಲೆ ನೆಟ್ಟಗಾಗಿದ್ರೆ ಅಲ್ಲಿ ಮಣ್ಣು ವರ್ಷ ವರ್ಷ ಜರೀತಿದೆ ಅಂತ ಅರ್ಥ.

ಡ್ರಾಯಿಂಗ್_ಶೀಟ್
ಹೊಸ ಡ್ರಾಯಿಂಗ್ ಹೀಗೆ: ಮನೆ 34×40, ರಸ್ತೆಯಿಂದ 10 ಅಡಿ, ಕೆರೆ ಗಡಿಯಿಂದ 100 ಅಡಿ. ಮಟ್ಟಗಳು +0.5, −4.5, +5.5, +10.5. ಧರೆ ಕಡಿಯೋದಿಲ್ಲ, ತಡೆಗೋಡೆ ಇಲ್ಲ, ತೋಟಕ್ಕೆ ಮೂರಡಿಯ ಎರಡು ಗೇಬಿಯನ್ ಸಾಲು ಮಾತ್ರ. ಸಂಪು ಈಶಾನ್ಯಕ್ಕೆ. ಜಗಲಿ ಎಂಟಡಿ, ಸೂರಿನ ಅಡಿ. ಮರಗಳನ್ನ ನೋಡಿದೆ, ಕೆಳಗಿನ ನಾಲ್ಕು ಬಾಗಿವೆ, ಮೇಲಿನವು ನೆಟ್ಟಗಿವೆ.

ಪಾಯದ_ಗೆರೆ
ಆ ಎಂಟಡಿ ಜಗಲಿ ಎಲ್ಲಿ ಬರುತ್ತೆ? 40ರ ಹೊರಗಾದ್ರೆ ಮತ್ತೆ 30 ಮೀಟರ್ ಒಳಗೆ ಹೋಯ್ತು.

ಡ್ರಾಯಿಂಗ್_ಶೀಟ್
ಹೌದು, ಹೊರಗೇ ಇದೆ. ಹಾಲಿನ 20 ಅಡಿಯೊಳಗೇ ತರ್ತೀನಿ. ಹಾಲು 12 ಅಡಿ ಆಗುತ್ತೆ, ಆದ್ರೆ ಬಾಗಿಲು ಸರಿಸಿದ್ರೆ ಎರಡೂ ಒಂದೇ.

ಸರ್ವೆ_ಸರಪಳಿ
ಸರಿ. ಮೊದಲು ಹದ್ದುಬಸ್ತು ಕಲ್ಲು ನೆಡಿಸಿ, ಆಮೇಲೆ ಕೋಡಿಯ ಮಟ್ಟವನ್ನ ಆಟೋ ಲೆವೆಲ್‌ನಲ್ಲಿ (ಎತ್ತರ ಅಳೆಯೋ ಸರ್ವೆ ಉಪಕರಣ) ಸೈಟಿಗೆ ತಂದು ಒಂದು ಬಂಡೆ ಮೇಲೆ ಪೇಂಟಲ್ಲಿ ಗುರುತು ಮಾಡಿ. ಮೊಬೈಲಿನಲ್ಲಿ ತೋರಿಸೋ ಎತ್ತರ ನಂಬಬೇಡಿ. ಸೆಪ್ಟೆಂಬರಿನ ಗುಂಡಿಯ ನೀರಿನ ಮಟ್ಟ ಸಿಕ್ಕಾಗ ಆ ಗುರುತಿಗೆ ಹೋಲಿಸಿ ಇಲ್ಲೇ ಹಾಕಿ, ಪಾಯದ ಆಳ ಆಗ ನಿಗದಿ ಮಾಡೋಣ.